ಅವ್ವ ಅನ್ನುವ ಫೋಲ್ಡರ್

ಸಿಡಿ ಒಳಗೆ ಹೋಗಿ ಗರಗರ ಸುತ್ತುತ್ತಿದೆ, ನಿನ್ನೆಯಷ್ಟೇ ನನ್ನ ಕೈಯಾರೆ ಫಾರ್ಮ್ಯಾಟ್ ಹೊಡೆದ ಕಂಪ್ಯೂಟರು, ಹೆಂಗೆ ಹಗುರಾಗಿದೆ ನೋಡು, ಆಂಟಿವೈರಸ್ಸಂತೆ ಆಂಟಿವೈರಸ್ಸು, ಆ ಬಸವೇಶ, ಮೊನ್ನೆ ಮೊನ್ನೆಯವರೆಗೆ ನಂಜನಗೂಡಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವನು, ಈಗ ಕಂಪ್ಯೂಟರ್ ಅಂಗಡಿ ಇಟ್ಟು ಗಾಜಿನೊಳಗೆ ಖಾಲಿ ಡಬ್ಬ ಜೋಡಿಸಿಕೊಂಡು, ಆಕಿಸ್ಕೊಳಿ ಸಾ, ಪೆನ್‌ಡ್ರೈವ್ ಆಕೋಕ್ ಮುಂಚೆ ಸ್ಕ್ಯಾನ್ ಮಾಡ್ಬೇಕು ಸಾ — ಯಾರಿಗೆ ಹೇಳುತ್ತಾನೆ, ಮೈಸೂರಿನಲ್ಲಿ ಆರು ತಿಂಗಳು ಕೋರ್ಸ್ ಮಾಡಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದವನಿಗೆ! ಮನೆಯ ಕಂಪ್ಯೂಟರಿಗೆ ಅದೆಲ್ಲ ಯಾಕೆ, ಏನಾದರೂ ಬಂತೋ, ಬೇಕಾದ್ದನ್ನು ಸಿಡಿಗೆ ಹಾಕು, ಫಾರ್ಮ್ಯಾಟ್ ಹೊಡಿ, ಒಳಗಿರುವುದೆಲ್ಲ ಅಳಿಸಿ ಹೋಗುತ್ತದೆ, ಮುಗಿಯಿತು, ಪುಕ್ಕಲರಿಂದಲೇ ಅವನ ಅಂಗಡಿ ನಡೆಯುವುದು, ನನ್ನ ಹೆಂಡತಿ ಸರ್ವಮಂಗಳಾ ಕೂಡ ಅವನ ಮಾತು ಕೇಳಿಕೊಂಡು ಬಂದು, ಆಕಿಸ್ಬುಡಿ ಕಣ್ರೀ, ಅವ್ವನ್ ಪದ ಅವೆ ಅದ್ರಲ್ಲಿ — ಅವ್ವ ಅಂದರೆ ನನ್ನ ಅತ್ತೆ, ಬಿಳಿಗೆರೆಯ ಮಲ್ಲಾಜಮ್ಮ, ಸುತ್ತಲ ಊರಿನ ಮದುವೆಗಳಿಗೆಲ್ಲ ಸೋಬಾನೆ ಹಾಡಿದವರು, ಸಾಯುವ ತಿಂಗಳ ಮುಂಚೆ ಇದೇ ಕುರ್ಚಿಯಲ್ಲಿ ಕೂತು ಮೈಕಿನ ಮುಂದೆ ಹಾಡಿದರು, ಅಳಿಯಂದ್ರೇ, ಇದುಕ್ ಕೇಳುಸ್ತದಾ? ಕೇಳಿಸಿತ್ತು, ಹನ್ನೊಂದು ಹಾಡು, ಅವ್ವ ಅಂತ ಫೋಲ್ಡರಿಗೆ ಹೆಸರಿಟ್ಟವನೂ ನಾನೇ, ಅದನ್ನು ಸಿಡಿಗೆ ಹಾಕಿಕೊಂಡೇ ಫಾರ್ಮ್ಯಾಟ್ ಹೊಡೆದದ್ದು, ನಾನೇನು ದಡ್ಡನೇ.

ಭಾನುವಾರ ನರಸೀಪುರದಲ್ಲಿ ಇವಳ ತಂಗಿಯ ಮಗಳ ಮದುವೆ, ಅವ್ವನ ಪದವನ್ನೇ ಇವಳು ಕಲಿತು ಹೇಳಬೇಕಂತೆ, ಆ ಮದುವೆಯ ಲಗ್ನಪತ್ರಿಕೆ ನೋಡಿ ಅಂತ ಅಲ್ಲಿಯ ಡಿಟಿಪಿ ಅಂಗಡಿಯ ಪೆನ್‌ಡ್ರೈವ್ ಮನೆಗೆ ಬಂದ ದಿನದಿಂದಲೇ ಕಂಪ್ಯೂಟರ್ ತೆವಳತೊಡಗಿದ್ದು, ಇರಲಿ, ಬಂತು, ಅವ್ವ, ಹಳದಿ ಫೋಲ್ಡರು, ಒತ್ತುತ್ತೇನೆ, ತೆರೆಯುತ್ತಿಲ್ಲ, ಮತ್ತೆ ಒತ್ತುತ್ತೇನೆ, ಎಷ್ಟಿದೆ ನೋಡೋಣ, ಇನ್ನೂರ ಹದಿನಾಲ್ಕು ಕೆಬಿ, ಒಂದು ಹಾಡಿಗೂ ಸಾಲದು, ಹನ್ನೊಂದು ಹಾಡಿಗೆ? — ಅಪ್ಲಿಕೇಶನ್ ಅಂತಿದೆ, ಫೋಲ್ಡರೇ ಅಲ್ಲ ಇದು, ಫೋಲ್ಡರಿನ ವೇಷ ಹಾಕಿದ ವೈರಸ್ಸು, ನಿಜವಾದ ಅವ್ವನನ್ನು ಕಾಣದಂತೆ ಬಚ್ಚಿಟ್ಟು ಆ ಹೆಸರಿನಲ್ಲಿ ತಾನು ಕೂತಿದ್ದದ್ದು, ಇದನ್ನೇ ಜೋಪಾನವಾಗಿ ಸಿಡಿಗೆ ಹಾಕಿಕೊಂಡು ಹಾಡುಗಳನ್ನು ನಾನೇ ಅಳಿಸಿದೆ, ರೇಡಿಯೋ ರಿಪೇರಿಯವನಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ, ಥೂ ನನ್ನ ಸರ್ಟಿಫಿಕೇಟಿಗಿಷ್ಟು, ಏನಂತ ಹೇಳಲಿ, ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತಿದ್ದಾಳೆ, ಹೆಡ್‌ಫೋನ್ ಹಾಕಿಕೊಂಡಿದ್ದಾಳೆ, ಊಂ, ಪದ ಬುಡಿ ರೀ, ಅಂತ ಕಿವುಡರ ಹಾಗೆ ಜೋರಾಗಿ ಅನ್ನುತ್ತಾಳೆ, ಎರಡು ಕೈಯಿಂದಲೂ ಅದನ್ನು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ತುಟಿ ಆಗಲೇ ಮೊದಲ ಸಾಲಿಗೆ ಬಿರಿದು — ಹೇಳಬೇಕು, ಹೇಳುತ್ತೇನೆ — ಎರಡು ಕೈಯಿಂದಲೂ ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ —