ತೂಬಿನ ಹತ್ತಿರ ಹರಿಗೋಲು

"ಆದಿನಾರಾಯಣನ ಮೈಗೆ ನನ್ನ ಕೈ ತಾಕಲ್ಲ" ಅಂತ ಕೆಂಪರಾಜ್ ಅಮ್ಮನಿಗೆ ಮಾತು ಕೊಟ್ಟಾಗ ಅಪ್ಪನ ಹೆಣ ಇನ್ನೂ ಜಗಲಿ ಮೇಲಿತ್ತು. ಅವನ ಕೈಯಿಂದ ಮಚ್ಚು ಕಿತ್ತುಕೊಂಡಿದ್ದ ಆಂಜನಮ್ಮ, "ಮುಟ್ಟಿದ್ರೆ ನೀನು ಅಲ್ಲಿಗೇ ನಿಲ್ಲಿಸಲ್ಲ, ನಂಗೊತ್ತು. ಬೆರಳೂ ತಾಕಿಸಲ್ಲ ಅನ್ನು" ಅಂದಿದ್ದಳು. ಅವನು ಅಂದ.

ಅಪ್ಪ ಮುನಿವೆಂಕಟಪ್ಪ ಸತ್ತಿದ್ದು ದನಕ್ಕಾಗಿ. ತನ್ನ ಹೊಲ ಮೇಯ್ದ್ವು ಅಂತ ಆದಿನಾರಾಯಣ ಇವರ ಮನೆ ಹಸುಗಳನ್ನು ಹೊಡ್ಕೊಂಡು ಹೋಗಿ ತನ್ನ ಕೊಟ್ಟಿಗೇಲಿ ಕಟ್ಟಿದ್ದ. ಬಿಡಿಸ್ಕೊಂಡು ಬರ್ತಿದ್ದವನ ತಲೆ ಮೇಲೆ, ಬೇಸಿಗೆಗೆ ಬತ್ತಿದ್ದ ಕೆರೆಯ ತೂಬಿನ ಹತ್ತಿರ, ಆದಿನಾರಾಯಣನ ಹಾರೆ ಬಿತ್ತು. ಕೋರ್ಟಿನಲ್ಲಿ ಸಾಕ್ಷಿ ಹೇಳೋಕೆ ಊರಿಂದ ಒಬ್ಬರೂ ಬರಲಿಲ್ಲ.

ಊರು ತಿಟ್ಟಳ್ಳಿ. ಕೆ.ಆರ್. ಪುರದಿಂದಾಚೆ, ಕೆರೆ ನಡುವಿನ ದಿಬ್ಬ. ರಸ್ತೆ ಇಲ್ಲ, ಹರಿಗೋಲೇ ಗತಿ. ಹುಟ್ಟು ಹಾಕೋಕೆ ಮನೆಗೊಂದು ಸರದಿ; ಹತ್ತೋಕೆ ಬಂದವರನ್ನ ಬೇಡ ಅನ್ನೋ ಹಾಗಿಲ್ಲ. ವಾರವೆಲ್ಲ ಹೊಸ ತಿಪ್ಪಸಂದ್ರದ ಲೇತ್ ಅಂಗಡಿಯಲ್ಲಿ ದುಡಿಯೋ ಕೆಂಪರಾಜನಿಗೆ ಭಾನುವಾರದ ಸರದಿ.

2003ರ ಹೊತ್ತಿಗೆ ಆದಿನಾರಾಯಣ ಲೇಔಟ್ ಏಜೆಂಟ್ ಆಗಿದ್ದ. ಸೈಟು ನೋಡೋಕೆ ಬಂದವರಿಗೆ ಊರಿನ ಸುತ್ತಲ ಹಳೇ ಜಾಗಗಳನ್ನೆಲ್ಲ ತೋರಿಸುತ್ತಿದ್ದ. ಹತ್ತುವವರಿಗೆಲ್ಲ ಕೈ ಕೊಡೋ ಕೆಂಪರಾಜ್ ಅವನಿಗೆ ಮಾತ್ರ ಕೊಡುತ್ತಿರಲಿಲ್ಲ.

"ನಮ್ಮ ಹುಡುಗ ಮಡಿ ಕಣ್ರೀ, ನನ್ನ ಮುಟ್ಟಿದ್ರೆ ಮೈಲಿಗೆ" ಅಂತ ಆದಿನಾರಾಯಣ ಬಂದವರನ್ನು ನಗಿಸುತ್ತಿದ್ದ.

ಅಂಥ ಒಂದು ಭಾನುವಾರ ಬಂದಿದ್ದು ಕಾಕ್ಸ್‌ಟೌನಿನ ವಾಜಿದ್, ಅವನ ಹೆಂಡತಿ ಉಮ್ಮೆ ಕುಲ್ಸುಂ. ಮೊದಲು ವೀರಗಲ್ಲು.

"ದನ ಬಿಡಿಸೋಕೆ ಹೋಗಿ ಸತ್ತ ವೀರ ಸಾರ್. ಮೇಲ್ಗಡೆ ನೋಡಿ, ಅಪ್ಸರೆಯರು ತೋಳು ಹಿಡ್ಕೊಂಡು ಸ್ವರ್ಗಕ್ಕೆ ಎತ್ಕೊಂಡ್ಹೋಗ್ತಾ ಇದಾರೆ."

"ಅಲ್ಲೂ ನಿಮ್ದು ಲೇಔಟ್ ಇದೆಯಾ?" ಅಂದ ವಾಜಿದ್.

ಹರಿಗೋಲು ತೂಬಿನ ಕಡೆ ತಿರುಗಿತು. ಕೆತ್ತನೆಯ ಎರಡು ಕಲ್ಲುಕಂಬ ನೀರಿನಿಂದ ಎದ್ದು ನಿಂತಿದ್ದವು. ಇಲ್ಲೇನು ವಿಶೇಷ ಅಂತ ಕುಲ್ಸುಂ ಕೇಳಿದಳು.

"ಇಲ್ಲೊಬ್ಬ ದನಗಳ್ಳ ಸತ್ತ ಮೇಡಂ. ಅಂಥೋರಿಗೆ ಯಾರು ಕಲ್ಲು ನಿಲ್ಲಿಸ್ತಾರೆ?"

ಹುಟ್ಟು ನೀರಲ್ಲೇ ನಿಂತಿತು. "ಮಾವ, ಆ ಮಾತು ವಾಪಸ್ ತಗೊಳ್ಳಿ" ಅಂದ ಕೆಂಪರಾಜ್.

"ಯಾವ್ದೋ? ಕಳ್ಳ ಅಂದಿದ್ದಾ? ನಿಮ್ಮಪ್ಪನ ಕೈಲಿ ಹಗ್ಗ ಇತ್ತಲ್ಲೋ."

"ಹಸು ನಮ್ದು."

"ನನ್ನ ಕೊಟ್ಟಿಗೇಲಿದ್ದದ್ದು ನಂದು."

"ಕೊಂದಿದ್ದೂ ಹೇಳಿ ಅವ್ರಿಗೆ."

ಆದಿನಾರಾಯಣ ಕೆನ್ನೆಗೆ ಬಿಟ್ಟ. ಕೆಂಪರಾಜನ ತುಟಿ ಒಡೆಯಿತು. ಅವನು ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತ.

"ಹೊಡಿಯೋ, ಗಂಡಸಾದ್ರೆ! ಇನ್ನೂ ಅಮ್ಮನ ಸೆರಗು ಹಿಡ್ಕೊಂಡಿದೀಯ?" ಹುಟ್ಟು ಕಿತ್ತುಕೊಂಡು ಕಿವಿಯ ಮೇಲೆ ಬಾರಿಸಿದ. ಕುಲ್ಸುಂಳ ದುಪಟ್ಟಾಕ್ಕೆ ರಕ್ತ ಸಿಡಿಯಿತು. ಇನ್ನೊಂದು ಏಟು ಭುಜದ ಮೂಳೆಗೆ ಬಿತ್ತು. ಮತ್ತೊಂದಕ್ಕೆ ಅಂತ ಆದಿನಾರಾಯಣ ಎದ್ದು ನಿಂತು ಬೀಸಿದ. ಹರಿಗೋಲು ಗಿರ್ರನೆ ತಿರುಗಿ, ಅವನು ಹುಟ್ಟಿನ ಸಮೇತ ನೀರಿಗೆ ಬಿದ್ದ.

ಇಟ್ಟಿಗೆಗೆ ಅಂತ ಮಣ್ಣು ತೆಗೆದ ಗುಂಡಿ ಅಲ್ಲಿ, ಮೇಲೆಲ್ಲ ಜೊಂಡು. ಆದಿನಾರಾಯಣನಿಗೆ ಈಜು ಗೊತ್ತಿತ್ತು, ಆದರೆ ಬೇರು ಕಾಲಿಗೆ ಸುತ್ತಿಕೊಂಡಿತು.

"ಕೈ ಕೊಡೋ ಕೆಂಪಾ!"

ವಾಜಿದ್ ಬಗ್ಗಿದ. ಹರಿಗೋಲು ವಾಲಿ ನೀರು ಒಳಗೆ ಬಂತು. "ನಕ್ಕೋ ಜೀ, ನಕ್ಕೋ! ಬಗ್ಗಬೇಡಿ!" ಕುಲ್ಸುಂ ಕಿರುಚಿದಳು. ಕೆಂಪರಾಜ್ ವಾಜಿದ್‌ನ ಕಾಲರ್ ಹಿಡಿದು ಹಿಂದಕ್ಕೆ ಎಳೆದ.

"ಕೂತ್ಕೊಳ್ಳಿ ಸಾರ್, ಮಗುಚುತ್ತೆ."

"ನೀವೇ ಕೊಡ್ರೀ ಹಾಗಾದ್ರೆ! ನಿಮಗೆ ಎಟುಕುತ್ತೆ!"

"ಮುಟ್ಟಲ್ಲ ಅಂತ ಮಾತು ಕೊಟ್ಟಿದೀನಿ."

"ಯಾರಿಗೆ?"

"ನಮ್ಮಮ್ಮಂಗೆ."

"ಇಂಥಾ ಹೊತ್ತಲ್ಲೂನಾ?" ವಾಜಿದ್ ಅಳೋ ದನಿಯಲ್ಲಿ ಕೂಗಿದ.

ತಲೆ ಮುಳುಗಿ ಮತ್ತೆ ಎದ್ದಿತು, ಬಾಯಿ ತುಂಬ ಕೆಸರು. "ಲೇ, ನಿಮ್ಮಪ್ಪ ಕಳ್ಳ ಅಲ್ಲ ಕಣೋ! ಕೇಳಿಸ್ತಾ? ಅಲ್ಲ!"

ಕೆಂಪರಾಜನಿಗೆ ಕೇಳಿಸಿತು. ಒಂದು ಕೈ ಕಂಕುಳಿಂದ ಈಚೆ ಬಂತು. ಅದನ್ನು ಅವನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತ. ಜೊಂಡು ಮುಚ್ಚಿಕೊಂಡಿತು.

ಅಮ್ಮನಿಗೆ ಕೊಟ್ಟ ಮಾತನ್ನು ಕೆಂಪರಾಜ್ ಉಳಿಸಿಕೊಂಡ.