ಡೆಲ್ಬರ್ಟ್ ಆರಿಸಿದ ಹಿಚ್

ಮೇ ತಿಂಗಳು ಬಂತೆಂದರೆ ಆರ್ಲಿಸ್‌ಗೆ ಮನುಷ್ಯಜಾತಿಯ ಮೇಲಿದ್ದ ಅಷ್ಟಿಷ್ಟು ಗೌರವವೂ ಹೋಗಿಬಿಡುತ್ತಿತ್ತು. ನೆಬ್ರಾಸ್ಕಾದ ಆ ಬಯಲಲ್ಲಿ ಹಿಮ ಕರಗಿ ಹುಲ್ಲು ಚಿಗುರಿದ್ದೇ ತಡ, ಚಳಿಗಾಲವೆಲ್ಲ ಸೋಫಾದಲ್ಲಿ ಬಿದ್ದುಕೊಂಡು ವಿಡಿಯೋ ನೋಡಿ ಪಂಡಿತರಾದ ನಿವೃತ್ತ ಗಂಡಸರು ಮನೆಯಂಥ ಟ್ರೇಲರ್ ಕೊಂಡು, ಅದನ್ನು ಪಿಕಪ್ಪಿನ ಹಿಂದೆ ಕಟ್ಟಿಕೊಂಡು, ಅವಳ ಅಂಗಡಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಒಳಗೆ ಮಂಚ, ಒಲೆ, ಫ್ರಿಜ್, ಕಕ್ಕಸು, ಎರಡೆರಡು ಟೀವಿ. ಅಷ್ಟನ್ನೂ ಪಿಕಪ್ಪಿಗೆ ಹಿಡಿದಿಡುವುದು ಮುಷ್ಟಿಗಿಂತ ಸ್ವಲ್ಪ ಚಿಕ್ಕದಾದ ಒಂದು ಕಬ್ಬಿಣದ ಗುಂಡು. ಆ ಗುಂಡಿನ ಮೇಲೆ ಟ್ರೇಲರಿನ ಮುಂದೆ ಚಾಚಿದ ಮೂಕಿ ಎಷ್ಟು ಭಾರ ಹೇರುತ್ತದೆ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಕಂಪನಿಯವರು ಕೊಟ್ಟ ಬಣ್ಣದ ಪುಸ್ತಕ ತೆಗೆದು ತೋರಿಸುತ್ತಿದ್ದರು.

"ಇದು ಖಾಲಿ ಟ್ರೇಲರಿನ ತೂಕ ಸ್ವಾಮಿ," ಎನ್ನುತ್ತಿದ್ದಳು ಆರ್ಲಿಸ್. "ನೀವೇನು ನೀರು, ಗ್ಯಾಸು, ಬಟ್ಟೆಬರೆ ಏನೂ ಇಲ್ದೆ ಬರಿಮೈಲಿ ಹೋಗ್ತೀರಾ ಟೂರಿಗೆ?"

ಇಪ್ಪತ್ತೊಂಬತ್ತು ವರ್ಷದಿಂದ ಅವಳ ಕಸುಬು ಇದೇ, ಭಾರ ಹಂಚುವ ಹಿಚ್, ಅಂದರೆ ಕೊಂಡಿ, ಕೂರಿಸುವುದು. ಎರಡು ಉಕ್ಕಿನ ಸರಳುಗಳನ್ನು ಮೂಕಿಯುದ್ದಕ್ಕೂ ಸರಪಳಿಯಲ್ಲಿ ಬಿಗಿದರೆ, ಪಿಕಪ್ಪಿನ ಹಿಂಭಾಗಕ್ಕೆ ಬಿದ್ದ ಭಾರದಲ್ಲಿ ಒಂದು ಪಾಲು ಅದರ ಮುಂದಿನ ಚಕ್ರಗಳಿಗೂ ಇನ್ನೊಂದು ಪಾಲು ಟ್ರೇಲರಿನ ಚಕ್ರಗಳಿಗೂ ದಾಟುತ್ತದೆ. ಸರಳಿಲ್ಲದಿದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗು ಮಾತು ಕೇಳುವುದಿಲ್ಲ. ಅಡ್ಡಗಾಳಿ ಬೀಸಿತೋ, ಟ್ರೇಲರು ಅತ್ತಿತ್ತ ಓಲಾಡಿ ಪಿಕಪ್ಪನ್ನೂ ಎಳೆದುಕೊಂಡು ಹಳ್ಳಕ್ಕೆ ಹೋಗುತ್ತದೆ. ಸರಳೂ ಭಾರಕ್ಕೆ ತಕ್ಕದ್ದೇ ಆಗಬೇಕು. ಆರುನೂರು ಪೌಂಡಿನದು ಬೇರೆ, ಸಾವಿರದ ಇನ್ನೂರರದು ಬೇರೆ. ಇಷ್ಟನ್ನು ತಿಳಿಯಲು ದೊಡ್ಡ ತಲೆಯೇನೂ ಬೇಡ. ತೂಗಬೇಕು, ಅಷ್ಟೇ. ತೂಗುವುದೆಂದರೆ ಗಂಡಸರಿಗೆ ಅದೇನು ಅವಮಾನವೋ ಆರ್ಲಿಸ್‌ಗೆ ಇವತ್ತಿಗೂ ಅರ್ಥವಾಗಿರಲಿಲ್ಲ.

ಜೂನ್ ಎರಡನೇ ಗುರುವಾರ ಈ ಮೆರವಣಿಗೆಯಲ್ಲಿ ಡೆಲ್ಬರ್ಟ್ ಬಂದ. ಹನ್ನೆರಡು ವರ್ಷ ಅವಳ ಗಂಡನಾಗಿದ್ದವನು. ಇಬ್ಬರೂ ಬೇರೆಯಾಗಿ ಇಪ್ಪತ್ತಾರು ವರ್ಷ. ಹೊಸ ಪಿಕಪ್ಪು, ಅದರ ಹಿಂದೆ ಮೂವತ್ತು ಅಡಿಯ ಹೊಚ್ಚ ಹೊಸ ಟ್ರೇಲರು. ಹಿಚ್ಚಿಗಾಗಿ ಬಂದಿರಲಿಲ್ಲ. ದೀಪದ ಪ್ಲಗ್ಗು ಬಗ್ಗಿಹೋಗಿತ್ತು, ನಲವತ್ತು ಮೈಲಿಯೊಳಗೆ ಬೇರೆ ಅಂಗಡಿಯಿರಲಿಲ್ಲ.

"ಹೇಗಿದೆ?" ಎಂದ, ಟ್ರೇಲರಿನ ಬೆನ್ನು ತಟ್ಟುತ್ತ.

"ನಿನ್ನ ಹೊಟ್ಟೆ ಥರಾನೇ ಇದೆ. ದೊಡ್ಡದು, ಯಾರಿಗೂ ಉಪಯೋಗ ಇಲ್ಲ."

ಪ್ಲಗ್ಗು ಬದಲಿಸಲು ಬಗ್ಗಿದವಳಿಗೆ ಪಿಕಪ್ಪಿನ ಹಿಂದಿನ ಚಕ್ರಗಳ ಮೇಲೆ ಎರಡು ರಬ್ಬರಿನ ಗಾಳಿಚೀಲ ಕಂಡವು. ಸರಳಿಲ್ಲ. ಬರೀ ಗುಂಡು. ಕುಸಿದ ಹಿಂಭಾಗವನ್ನು ಗಾಳಿ ತುಂಬಿ ಎತ್ತಿ, ನೋಡಲು ಸಮವಾಗಿದೆಯೆಂದು ಬೀಗುತ್ತಿದ್ದ ಪುಣ್ಯಾತ್ಮ. ಗಾಳಿಚೀಲ ಹಿಂಭಾಗವನ್ನು ಎತ್ತುತ್ತದೆಯೇ ಹೊರತು ಮುಂದಿನ ಚಕ್ರಕ್ಕೆ ಒಂದು ಪೌಂಡನ್ನೂ ವಾಪಸು ಕೊಡುವುದಿಲ್ಲ. ನೂರಾರು ಮೂರ್ಖರಲ್ಲಿ ಈ ಮೂರ್ಖತನವನ್ನು ಅವಳು ನೋಡಿದ್ದಳು. ಒಬ್ಬೊಬ್ಬನೂ ಅದನ್ನು ತಾನೇ ಕಂಡುಹಿಡಿದ ಹಾಗೆ ಹೇಳಿಕೊಳ್ಳುತ್ತಿದ್ದ.

ಇನ್ನೇನು ಚೆನ್ನಾಗಿ ಬೈಯಬೇಕು, ಅಷ್ಟರಲ್ಲಿ ಹಿಂದಿನ ಸೀಟಿನ ಕಿಟಕಿ ಇಳಿಯಿತು.

"ಅಜ್ಜೀ! ಶನಿವಾರ ನಾನೂ ತಾತಾನೂ ಬ್ಲ್ಯಾಕ್ ಹಿಲ್ಸ್‌ಗೆ ಹೋಗ್ತಿದೀವಿ! ಹತ್ತು ದಿನ!"

ಟೆಸ್ಸಾ. ಮಗಳು ಕಾರ್ಲಾಳ ಮಗಳು, ಒಂಬತ್ತು ವರ್ಷ. ಮುಂದಿನ ಎರಡು ಹಲ್ಲು ಇನ್ನೂ ಮುಖಕ್ಕೆ ದೊಡ್ಡವು. ಆರ್ಲಿಸ್ ಬೈಯುವುದನ್ನು ಮರೆತಳು. ಮರಳುದಿಬ್ಬಗಳ ನಡುವಿನ ಆ ಹೆದ್ದಾರಿ, ಅಲ್ಲಿ ಜೂನ್‌ನಲ್ಲಿ ಬೀಸುವ ಗಾಳಿ, ಇವನ ಕೈಯಲ್ಲಿ ಹಗುರಾದ ಸ್ಟೀರಿಂಗು, ಹಿಂದಿನ ಸೀಟಿನಲ್ಲಿ ಈ ಮಗು. ಅವಳಿಗೆ ಭಯವಾಯಿತು. ಡೆಲ್ಬರ್ಟನ ಎದುರು ಭಯಪಟ್ಟದ್ದು ಅವಳಿಗೆ ಇನ್ನಷ್ಟು ಅಸಹ್ಯವಾಯಿತು.

"ಡೆಲ್ಬರ್ಟ್, ಒಂದ್ಸಲ ನನ್ನ ಮಾತು ಕೇಳು," ಎಂದಳು, ಆದಷ್ಟು ಮೆತ್ತಗೆ. "ಸಾವಿರದ ಇನ್ನೂರರ ಸರಳು ಹಾಕ್ಸು. ನಾನೇ ಕೂರಿಸ್ಕೊಡ್ತೀನಿ."

"ಶುರುವಾಯ್ತು ನೋಡು! ಹನ್ನೆರಡು ವರ್ಷ ಅನ್ನ ಹೇಗೆ ಅಗೀಬೇಕು ಅಂತಾನೂ ನೀನೇ ಹೇಳ್ಕೊಟ್ಟೆ. ಸಾಕು ಕಣೆ. ನೋಡು, ಗೆರೆ ಎಳೆದ ಹಾಗೆ ಸಮ ನಿಂತಿದೆ."

"ಸಮ ನಿಂತಿರೋದು ಗಾಳಿ ಮೇಲೆ. ತೂಗಿಸು ಹೋಗು, ಗೊತ್ತಾಗುತ್ತೆ."

"ನಾನು ಜೋಳದ ಲೋಡೇನೇ? ತೂಗಿಸೋಕೆ?"

ಹೋದ. ಹೋಗುತ್ತಾನೆಂದು ಅವಳಿಗೆ ಗೊತ್ತಿತ್ತು. ಮದುವೆಯಾದ ಹತ್ತನೇ ವರ್ಷ ಮಾರ್ಚಿನಲ್ಲಿ, ಕೆರೆಯ ಮಂಜುಗಡ್ಡೆ ತೆಳ್ಳಗಾಗಿದೆ, ಮೇಲೆ ಪಿಕಪ್ ಇಳಿಸಬೇಡ ಎಂದಿದ್ದಳು. ಅವಳು ಬೇಡವೆಂದಳು ಎನ್ನುವ ಒಂದೇ ಕಾರಣಕ್ಕೆ ಇಳಿಸಿದ. ತಾನು ಈಜಿ ದಡ ಸೇರಿದ. ಪಿಕಪ್ಪನ್ನು ಮೇ ತಿಂಗಳಲ್ಲಿ ಕ್ರೇನು ಹಾಕಿ ಎತ್ತಿದಾಗ ಸೀಟಿನ ಕೆಳಗೆ ಮೀನಿದ್ದವು. ಆಗಲೂ ಅವನು ಹೇಳಿದ್ದು, ಅವಳು ಅಪಶಕುನ ನುಡಿದದ್ದಕ್ಕೇ ಹಾಗಾಯಿತು ಅಂತ.

ಅವತ್ತು ಸಂಜೆ ಕಾರ್ಲಾಳಿಗೆ ಫೋನ್ ಮಾಡಿದಳು. ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಸುಸ್ತಾಗಿದ್ದ ಮಗಳು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ.

"ಅಮ್ಮಾ, ಅಪ್ಪ ಏನ್ ಮಾಡಿದ್ರೂ ನಿಂಗೆ ತಪ್ಪೇ. ನಿಮ್ಮಿಬ್ಬರ ಹಳೇ ಜಗಳಕ್ಕೆ ಟೆಸ್ಸಾ ರಜ ಹಾಳ್ಮಾಡ್ಬೇಡ."

"ಜಗಳ ಅಲ್ವೇ, ಹಿಚ್ಚು—"

"ಇಡ್ತೀನಮ್ಮ."

ಫೋನು ಇಟ್ಟ ಆರ್ಲಿಸ್ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತ ಯೋಚಿಸಿದಳು. ಪೂರ್ವ ಎಂದರೆ ಪಶ್ಚಿಮಕ್ಕೆ ಹೋಗುವ ಆ ಪ್ರಾಣಿಯನ್ನು ಪೂರ್ವಕ್ಕೆ ಕಳಿಸಬೇಕಾದರೆ ಏನು ಹೇಳಬೇಕು? ಹನ್ನೆರಡು ವರ್ಷದ ಸಂಸಾರದಲ್ಲಿ ಈ ಉಪಾಯ ಹೊಳೆಯದೇ ಹೋದದ್ದಕ್ಕೆ ತನ್ನನ್ನೇ ಶಪಿಸಿಕೊಂಡಳು.

ಶುಕ್ರವಾರ ಬೆಳಗ್ಗೆ ಊರಿನ ಗಂಡಸರೆಲ್ಲ ಸಹಕಾರ ಸಂಘದ ಧಾನ್ಯದ ಗೋದಾಮಿನಲ್ಲಿ ಕಾಫಿಗೆ ಸೇರುತ್ತಾರೆ. ಹೊರಗೆ ಲಾರಿ ತೂಗುವ ವೇಬ್ರಿಜ್. ಒಳಗೆ ಕಾಫಿ, ಒಣಗಿದ ಡೋನಟ್ಟು, ಪಕ್ಕದ ಮನೆಯವನ ಬೆಳೆಯ ಮೇಲೆ ಕರುಬು. ಡೆಲ್ಬರ್ಟ್ ಟ್ರೇಲರನ್ನು ಎಲ್ಲರಿಗೂ ಕಾಣುವಂತೆ ಅಂಗಳದಲ್ಲಿ ಅಡ್ಡಡ್ಡ ನಿಲ್ಲಿಸಿದ್ದ. ಟೆಸ್ಸಾ ಅವನ ಪಕ್ಕ ಡೋನಟ್ಟು ತಿನ್ನುತ್ತಿದ್ದಳು. ಆರ್ಲಿಸ್ ಒಳಗೆ ಬಂದು, ಎಲ್ಲರಿಗೂ ಕೇಳಿಸುವ ಹಾಗೆ ಶುರುಮಾಡಿದಳು.

"ಡೆಲ್ಬರ್ಟ್, ನಿನ್ನೆ ನಾನು ಹೇಳಿದ್ದು ತಪ್ಪು. ನಿಂಗೆ ಭಾರದ ಹಿಚ್ಚು ಬೇಡ. ಅದೆಲ್ಲ ನಿಜವಾಗ್ಲೂ ಲೋಡ್ ಎಳೆಯೋ ಗಂಡಸರಿಗೆ. ನಿಂದೇನು, ಆಟದ ಸಾಮಾನು. ಗುಂಡೇ ಸಾಕು."

ಮೇಜಿನ ಸುತ್ತ ಯಾರೋ ಕಿಸಕ್ಕನೆ ನಕ್ಕರು. ಡೆಲ್ಬರ್ಟನ ಕಿವಿ ಕೆಂಪಾಯಿತು.

"ಆಟದ ಸಾಮಾನಾ? ಏಳು ಸಾವಿರ ಪೌಂಡ್ ಮೇಲಿದೆ ಕಣೆ!"

"ಇರ್ಲಿ ಬಿಡು, ಎಲ್ಲರೂ ಹಾಗೇ ಹೇಳ್ಕೋತಾರೆ. ವೇಬ್ರಿಜ್ ಮೇಲೆ ಮಾತ್ರ ಹತ್ತಿಸ್ಬೇಡ, ಮರ್ಯಾದೆ ಹೋಗುತ್ತೆ."

ತೂಕದ ಕೋಣೆಯ ಮುದುಕ ಮಿಲೊ ಕನ್ನಡಕದ ಮೇಲಿನಿಂದ ಅವಳನ್ನೇ ನೋಡಿದ. ನಲವತ್ತು ವರ್ಷ ತಕ್ಕಡಿಯ ಹಿಂದೆ ಕೂತವನು, ಅವನಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆರ್ಲಿಸ್ ಕಣ್ಣಲ್ಲೇ ಗದರಿದಳು. ಅವನು ತೂಕದ ಚೀಟಿಗಳನ್ನು ಎತ್ತಿಕೊಂಡ.

ಡೆಲ್ಬರ್ಟ್ ಆಗಲೇ ಎದ್ದಿದ್ದ. ಮಿಲೊ ಮೊದಲು ಪಿಕಪ್ಪಿನ ಮುಂದಿನ ಚಕ್ರಗಳನ್ನಷ್ಟೇ, ಆಮೇಲೆ ಇಡೀ ಪಿಕಪ್ಪನ್ನು ಹತ್ತಿಸಿ ತೂಗಿದ, ಟ್ರೇಲರ್ ಬಿಚ್ಚಿಸಿ ಎರಡನ್ನೂ ಮತ್ತೆ ತೂಗಿದ. ಟ್ರೇಲರ್ ಕಟ್ಟಿದಾಗ ಮುಂದಿನ ಚಕ್ರಗಳು ನಾನೂರ ಎಂಬತ್ತು ಪೌಂಡ್ ಹಗುರಾಗುತ್ತಿದ್ದವು. ಮೂಕಿಯ ಭಾರ ಸಾವಿರದ ಅರವತ್ತು. ಮಿಲೊ ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದ.

"ಸಾವಿರದ ಅರವತ್ತು!" ಡೆಲ್ಬರ್ಟ್ ಬಹುಮಾನ ಗೆದ್ದವನ ಹಾಗೆ ಸುತ್ತ ನೋಡಿದ. "ಕೇಳಿಸ್ತೇನೇ? ಹಾಕು ನಿನ್ನ ಸಾವಿರದ ಇನ್ನೂರರದು!"

"ಬೇಡ ಅಂತೀನಿ. ಆರುನೂರರದು ಧಾರಾಳ ಆಯ್ತು."

"ಚಿಕ್ಕದು ಹಾಕಿ ಕಳಿಸ್ಬೇಕು ಅಂತಿದೀಯಾ? ನಾನೇನು ಕಿವಿ ಮೇಲೆ ಹೂ ಇಟ್ಕೊಂಡಿದೀನಾ?"

ಇಟ್ಟುಕೊಂಡಿದ್ದ, ದೊಡ್ಡದಾಗಿಯೇ. ಆದರೆ ಅವಳು ತಲೆ ತಗ್ಗಿಸಿ ಅಂಗಡಿಯ ಕಡೆ ನಡೆದಳು.

ಕೂರಿಸಲು ಮೂರು ಗಂಟೆ ಹಿಡಿಯಿತು. ಗಾಳಿಚೀಲದ ಗಾಳಿ ಬಿಟ್ಟಳು, ಮುಂದಿನ ಚಕ್ರದ ಮೇಲಿನ ಎತ್ತರವನ್ನು ಟೇಪಿನಲ್ಲಿ ಅಳೆದಳು, ಗುಂಡಿನ ಓರೆಯನ್ನು ಎರಡು ಸಲ ಬದಲಿಸಿದಳು. ಜೀವಮಾನದಲ್ಲಿ ಇಷ್ಟು ಅಚ್ಚುಕಟ್ಟಾಗಿ ಯಾವ ಹಿಚ್ಚನ್ನೂ ಕೂರಿಸಿರಲಿಲ್ಲ. ಕೈ ಸರಿಯಾದದ್ದನ್ನು ಮಾಡುತ್ತಿದ್ದರೆ ಬಾಯಿ ಮಾತ್ರ ತಿರುಗುಮುರುಗು ಹೇಳುತ್ತಿತ್ತು.

"ಸರಪಳಿ ಸಡಿಲಾನೇ ಇರ್ಲಿ, ಎಳೆಯೋಕೆ ಆರಾಮ."

"ಬಿಗಿ ಮಾಡು!"

"ಗಾಳಿಚೀಲ ಮತ್ತೆ ತುಂಬಿಸ್ಕೋ."

"ಮುಟ್ಟಲ್ಲ ಹೋಗೇ."

"ದಾರೀಲಿ ಗಾಳಿ ಗೀಳಿ ಅಂತ ಹೆದರ್ಬೇಡ. ಗಂಟೆಗೆ ಎಂಬತ್ತು ಮೈಲೀಲಿ ಹೊಡಿ, ಗಂಡಸಾಗಿದ್ರೆ."

"ಅರವತ್ತರ ಮೇಲೆ ಹೋಗಲ್ಲ. ಮಗು ಇದೆ ಜೊತೇಲಿ, ಬುದ್ಧಿ ಬೇಡ್ವಾ ನಿಂಗೆ?"

ಬುದ್ಧಿಯ ವಿಷಯ ಡೆಲ್ಬರ್ಟನ ಬಾಯಲ್ಲಿ ಕೇಳಿದಾಗ ಆರ್ಲಿಸ್‌ಳ ಕೈಲಿದ್ದ ಸ್ಪ್ಯಾನರ್ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಅವನ ತಲೆಗೂ ಅದಕ್ಕೂ ಮೊಳದಷ್ಟೇ ದೂರ. ನುಂಗಿಕೊಂಡು ಬೋಲ್ಟು ಬಿಗಿದಳು.

ಎದ್ದು ಸೊಂಟ ನೆಟ್ಟಗೆ ಮಾಡಿದಾಗಲೇ ಟೆಸ್ಸಾ ಕಂಡದ್ದು. ಬಾಗಿಲ ಹತ್ತಿರ ಟೈರಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕಣ್ಣು ದೊಡ್ಡದಾಗಿತ್ತು.

"ಅಜ್ಜಿ, ಎಂಬತ್ತರಲ್ಲಿ ಹೋದ್ರೆ ಸಾಯಲ್ವಾ?"

ಹತ್ತಿರ ಕರೆದು ಕಿವಿಯಲ್ಲಿ ನಿಜ ಹೇಳೋಣವೆನ್ನಿಸಿತು. ಆದರೆ ಈ ಹುಡುಗಿಯ ಹೊಟ್ಟೆಯಲ್ಲಿ ಗುಟ್ಟು ಗ್ಯಾರೇಜು ದಾಟುವವರೆಗೂ ನಿಲ್ಲುತ್ತಿರಲಿಲ್ಲ. ಗೊತ್ತಾದರೆ ಆ ಮಹಾನುಭಾವ ಮೊದಲ ಪೆಟ್ರೋಲ್ ಬಂಕಿನಲ್ಲೇ ಸರಳು ಬಿಚ್ಚಿ ಎಸೆದು, ಎಂಬತ್ತರಲ್ಲಿ ಹೊಡೆಯುತ್ತಿದ್ದ.

"ಏನೂ ಆಗಲ್ಲ ಬಿಡು," ಎಂದಳು ಆರ್ಲಿಸ್. ಟೆಸ್ಸಾ ಟೈರಿನಿಂದಿಳಿದು ತಾತನ ಪಕ್ಕಕ್ಕೆ ಹೋಗಿ ಅವನ ಕೈ ಹಿಡಿದುಕೊಂಡಳು.

ಹತ್ತು ದಿನ ಆರ್ಲಿಸ್ ಹವಾಮಾನದ ಸುದ್ದಿ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಹನ್ನೊಂದನೇ ದಿನ ಇಬ್ಬರೂ ಕ್ಷೇಮವಾಗಿ ಬಂದರು. ಬರುವ ದಾರಿಯಲ್ಲಿ ಮರಳುದಿಬ್ಬಗಳ ಹತ್ತಿರ ಜೋರು ಅಡ್ಡಗಾಳಿಗೆ ಎರಡು ಟ್ರೇಲರುಗಳು ಮಗುಚಿ ಬಿದ್ದಿದ್ದವಂತೆ. ಡೆಲ್ಬರ್ಟನದು ರೈಲಿನ ಹಾಗೆ ನೇರ ಬಂತಂತೆ.

ಇದನ್ನು ಅವನು ಕಾಫಿಯ ಮೇಜಿನಲ್ಲಿ ದಿನಾ ಹೇಳತೊಡಗಿದ. "ಆರ್ಲಿಸ್ ಮಾತು ಕೇಳಿದ್ದಿದ್ರೆ ನಾನೂ ಮೊಮ್ಮಗಳೂ ಇವತ್ತು ಇರ್ತಿರ್ಲಿಲ್ಲ. ಇಪ್ಪತ್ತೊಂಬತ್ತು ವರ್ಷ ಅಂಗಡಿ ಇಟ್ಕೊಂಡು, ಗುಂಡೇ ಸಾಕು ಅಂದ್ಳು! ನೀವೇ ಕೇಳಿದ್ರಲ್ಲ!" ಕೇಳಿದವರೆಲ್ಲ ಅಲ್ಲೇ ಇದ್ದರು, ಹೌದೆಂದು ತಲೆ ಆಡಿಸಿದರು. ಜುಲೈಯಲ್ಲಿ ಮೂವರು ಗಿರಾಕಿಗಳು ಅವಳ ಅಂಗಡಿಯ ಮುಂದೆಯೇ ಹಾದು ನಲವತ್ತು ಮೈಲಿ ಆಚೆ ಹೋದರು. ಕಾರ್ಲಾ ಫೋನ್ ಮಾಡಿ, "ಅಮ್ಮಾ, ಅಪ್ಪನ ಮೇಲೆ ಅಷ್ಟು ದ್ವೇಷಾನಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಟ್ಟುಬಿಟ್ಟಳು.

ಒಂದು ದಿನ ಮಿಲೊ ಅಂಗಡಿಗೆ ಬಂದು, "ನಿಜ ಹೇಳಿಬಿಡ್ಲಾ ಎಲ್ರಿಗೂ?" ಎಂದ.

"ಆಗಸ್ಟಲ್ಲಿ ಅವರಿಬ್ಬರೂ ಮತ್ತೆ ಹೊರಡ್ತಾರೆ, ಯೆಲ್ಲೋಸ್ಟೋನ್‌ಗೆ," ಎಂದಳು ಆರ್ಲಿಸ್. "ಬಾಯ್ಮುಚ್ಕೊಂಡಿರು."

ಹೊರಡುವ ಹಿಂದಿನ ವಾರ ಟೆಸ್ಸಾ ಸೈಕಲ್ಲಿನಲ್ಲಿ ಒಬ್ಬಳೇ ಬಂದಳು. ಬ್ಲ್ಯಾಕ್ ಹಿಲ್ಸ್‌ನಿಂದ ತಂದ ಗುಲಾಬಿ ಕಲ್ಲನ್ನು ಅಜ್ಜಿಯ ಕೈಗಿಟ್ಟು, ಆಚೀಚೆ ನೋಡಿ, ದನಿ ತಗ್ಗಿಸಿದಳು.

"ಅಜ್ಜಿ, ನಂಗೇನೂ ಕೋಪ ಇಲ್ಲ. ನಿಂಗೆ ಹಿಚ್ ವಿಷಯ ಸರಿಯಾಗಿ ಗೊತ್ತಿಲ್ದಿದ್ರೆ ತಾತನ್ನ ಕೇಳು. ಅವ್ರು ಹೇಳ್ಕೊಡ್ತಾರೆ. ನಾಚಿಕೆ ಪಟ್ಕೋಬೇಡ."

ಆರ್ಲಿಸ್ ಕೈಯ ಗ್ರೀಸನ್ನು ಬಟ್ಟೆಯಲ್ಲಿ ನಿಧಾನವಾಗಿ ಒರೆಸಿಕೊಂಡಳು. ಗೋಡೆಯ ಮೇಲೆ ಸರಳುಗಳು ತೂಕದ ಪ್ರಕಾರ ಸಾಲಾಗಿ ತೂಗುತ್ತಿದ್ದವು. ಒಂದೊಂದನ್ನೂ ಅವಳು ಕಣ್ಣು ಮುಚ್ಚಿ ಮುಟ್ಟಿ ಹೇಳಬಲ್ಲಳು.

"ಕೇಳ್ತೀನಿ ಪುಟ್ಟಿ," ಎಂದಳು. "ತಾತನಿಗೆ ಹೇಳು, ಈ ಸಲ ಬೆಟ್ಟದ ದಾರಿ, ಸರಳು ಬಿಚ್ಚಿಟ್ಟೇ ಹೋಗ್ಬೇಕಂತೆ ಅಂತ. ಅಜ್ಜಿ ಸರಳು ಖಂಡಿತ ಬೇಡ ಅಂದ್ಳು ಅಂತ ಹೇಳು. ಮರೀಬೇಡ."

ಟೆಸ್ಸಾ ಅಜ್ಜಿಯನ್ನು ನೋಡಿದಳು. ಪಾಪ ಅನ್ನಿಸಿದ ಹಾಗೆ, ಎಷ್ಟು ಹೇಳಿದರೂ ಈ ತಲೆಗೆ ಹತ್ತುವುದಿಲ್ಲ ಅನ್ನುವ ಹಾಗೆ. ಆರ್ಲಿಸ್‌ಗೆ ಆ ನೋಟದ ಗುರುತು ಚೆನ್ನಾಗಿಯೇ ಇತ್ತು. ಬಣ್ಣದ ಪುಸ್ತಕ ಹಿಡಿದು ಬಂದ ಒಬ್ಬೊಬ್ಬ ಗಂಡಸನ್ನೂ ಇಪ್ಪತ್ತೊಂಬತ್ತು ವರ್ಷದಿಂದ ಅವಳು ಹೀಗೇ ನೋಡುತ್ತ ಬಂದಿದ್ದಳು.

"ಹೇಳ್ತೀನಿ ಬಿಡಜ್ಜಿ," ಎಂದು ನಿಟ್ಟುಸಿರು ಬಿಟ್ಟು ಹುಡುಗಿ ಸೈಕಲ್ ಹತ್ತಿದಳು.