ಗಂಟೆ ಹೊಡೆಯುವ ಕ್ಯಾಲೆಂಡರ್

ಎಸ್ಟೇಟಿನ ಕಂಪ್ಯೂಟರ್‌ಗೆ ಒಂದು ಕೆಲಸ ಹಚ್ಚಿದರೆ ಇನ್ನೊಂದನ್ನು ಕೈಬಿಡುವ ಸ್ವಭಾವ. ಮಾಲೀಕ ಸ್ಟ್ಯಾನಿಯವರ ಅಕ್ಕನ ಮಗ ಡ್ಯಾನ್ಸ್ಟನ್ ಮಂಗಳೂರಿನಿಂದ ಸಿ.ಡಿ. ತಂದು ಕಂಪ್ಯೂಟರಿನ ಪರದೆಯ ಮೇಲೆ ಎರಡು ಹೊಸ ವಸ್ತು ತೋರಿಸಿದ. ಒಂದು, ವಿಜೆಟ್ ಎಂಬ ಅಲಂಕಾರ: ರೋಮನ್ ಅಂಕಿಯ ಗಡಿಯಾರ, ಈಜುವ ಮೀನು, ಯಾವ ಊರಿನದೆಂದು ತಿಳಿಯದ ಹವಾಮಾನ. ಇನ್ನೊಂದು, ಬರೆದಿಟ್ಟದ್ದನ್ನು ಹಿಂದಿನ ದಿನವೇ ಗಂಟೆ ಹೊಡೆದು ನೆನಪಿಸುವ ಕ್ಯಾಲೆಂಡರ್. ಎರಡನ್ನೂ ಹಾಕಿದರೆ ಯಂತ್ರ ನಿಂತೇಹೋಗುತ್ತಿತ್ತು.

"ಇದರ ಮುಂದೆ ಕೂರುವವಳು ನೀನು. ಯಾವುದು ಬೇಕು, ನೀನೇ ಹೇಳು ಮಾರಾಯ್ತಿ," ಎಂದು ಸ್ಟ್ಯಾನಿ ಗುಮಾಸ್ತೆ ಸುಚಿತ್ರಾಳಿಗೆ ಬಿಟ್ಟರು.

ಮೀನಿನ ಮೇಲೆ ಅವಳಿಗೆ ಆಸೆಯಿತ್ತು. ಆದರೆ ರಜೆಯ ಮೇಲೆ ಅದಕ್ಕಿಂತ ಹೆಚ್ಚು. ಎಸ್ಟೇಟಿಗೆ ವಾರದ ರಜೆ ಸಂತೆಯ ದಿನ. ವಾರವಿಡೀ ಎಸ್ಟೇಟಿನಲ್ಲೇ ಉಳಿಯುತ್ತಿದ್ದ ಅವಳಿಗೆ, ಹಿಂದಿನ ಸಂಜೆ ಕೊನೆಯ ಬಸ್ಸು ಹಿಡಿದರೆ ಪಾಳ್ಯದ ಮನೆಯಲ್ಲಿ ಗಂಡ ಬಾಲು ಸಿಗುತ್ತಿದ್ದ. ಬಸ್ ಕಂಡಕ್ಟರನಾದ ಅವನು ಬಸ್ಸಿನ ಧಣಿಯ ಕಾಲು ಹಿಡಿದು ತನ್ನ ರಜೆಯನ್ನೂ ಸಂತೆಯ ದಿನಕ್ಕೇ ಮಾಡಿಸಿಕೊಂಡಿದ್ದ. ಸ್ಟ್ಯಾನಿ ಕೆಟ್ಟವರಲ್ಲ, ಅವಳ ರಜೆಯೊಂದು ಮಾತ್ರ ಅವರಿಗೆ ನೆನಪಿರುತ್ತಿರಲಿಲ್ಲ. "ಅಯ್ಯೋ, ನಾಳೆ ಸಂತೆಯಾ?" ಎನ್ನುತ್ತಲೇ ಹೊಸ ಕೆಲಸ ತೆಗೆಯುತ್ತಿದ್ದರು. ಯಂತ್ರವೇ ಕೂಗಿ ಹೇಳಿದರೆ ಮರೆತೆ ಅನ್ನುವುದು ಹೇಗೆ?

ಅವಳು ಕ್ಯಾಲೆಂಡರ್ ಎಂದಳು. ಡ್ಯಾನ್ಸ್ಟನ್ 'ಸುಚಿತ್ರಾ ರಜೆ' ಎಂದು ಬರೆದು, 'ಪ್ರತಿ ವಾರ' ಎಂದು ಒತ್ತಿದ. ರಜೆ ಪ್ರಳಯದವರೆಗೂ ಸಾಲಾಗಿ ನಿಂತಿತು.

"ಮೀನು ಬುಟ್ಟು ಕ್ಯಾಲೆಂಡರ್ ತಗಂಡ್ಯಾ?" ಎಂದ ಬಾಲು ಫೋನಿನಲ್ಲಿ. "ನನ್ನ ಒಪ್ಕಂಡಾಗ್ಲೂ ಹಿಂಗೇ ಕಣೆ, ಚೆಂದ ನೋಡ್ನಿಲ್ಲ ನೀನು."

ಸಂತೆಯ ಹಿಂದಿನ ಮಧ್ಯಾಹ್ನ ಗಂಟೆ ಹೊಡೆಯಿತು. ಸ್ಟ್ಯಾನಿ ಹಿಗ್ಗಿದರು.

"ಸದ್ಯ, ನೆನಪು ಮಾಡಿತು! ನಾಳೆ ನೀನಿಲ್ಲ ಅಂದರೆ ನಾಳೆಯದ್ದೂ ಇವತ್ತೇ ಮುಗಿಸಬೇಕಲ್ಲ."

ಸ್ಟೋರಿನ ಮೂಟೆ ಲೆಕ್ಕ ಬಂತು, ಲಾರಿಯ ಬಿಲ್ಲು ಬಂತು. ಆನೇಮಹಲಿನ ರಸ್ತೆಯ ಕಡೆಯಿಂದ ಕೊನೆಯ ಬಸ್ಸಿನ ಹಾರನ್ ಕೇಳಿ, ದೂರವಾಯಿತು.

"ಹೋಯ್ತಾ ಬಸ್ಸು? ಪಾಪ. ಹೇಗೂ ಇಲ್ಲೇ ಇರ್ತೀಯಲ್ಲ, ಬೆಳಗ್ಗೆ ಬಂದು ಉಳಿದದ್ದು ಮುಗಿಸಿಬಿಡು. ಆಮೇಲೆ ಪೂರ್ತಿ ರಜೆ, ಆಯ್ತಾ?"

"ಕೋಳಿ ಕುಯ್ದುಬುಟ್ಟಿವ್ನಿ, ಎಲ್ಲಿದ್ದೀಯೆ?" ಎಂದು ಬಾಲು ಕೇಳಿದ.

"ನೀನೇ ತಿನ್ಕೊ," ಎಂದು ಅವಳು ಫೋನಿಟ್ಟಳು.

ಮುಂದಿನ ವಾರವೂ ಅದೇ ಆಯಿತು. ಮೂರನೆಯ ವಾರ ಅವಳು ಯಾರಿಗೂ ಹೇಳದೆ ತನ್ನ ರಜೆಯನ್ನು ಕ್ಯಾಲೆಂಡರಿನಿಂದ ಅಳಿಸಿದಳು. ಮಧ್ಯಾಹ್ನ ಸದ್ದಿಲ್ಲ. ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಾದಳು. ಆದರೆ ಸ್ಟ್ಯಾನಿಗೆ ಈಗ ಗಂಟೆಯ ರುಚಿ ಹತ್ತಿತ್ತು.

"ಯಾಕೆ ಹೊಡೆಯಲಿಲ್ಲ ಇದು?"

ಮಂಗಳೂರಿಗೆ ಫೋನ್ ಹೋಯಿತು. ಡ್ಯಾನ್ಸ್ಟನ್ ಹೇಳಿಕೊಟ್ಟಂತೆ ಸ್ಟ್ಯಾನಿ ಒಂದೇ ಬೆರಳಿನಲ್ಲಿ ಒತ್ತುತ್ತಾ ರಜೆಯನ್ನು ಮತ್ತೆ ಬರೆದರು, ಕೈ ಮರೆಮಾಡಿ ಪಾಸ್‌ವರ್ಡ್ ಹಾಕಿದರು.

"ಯಾರೋ ಅಳಿಸಿದ್ದರು ಮಾರಾಯ್ತಿ. ಇನ್ನು ನಿನ್ನ ರಜೆಯನ್ನು ಯಾರೂ ಮುಟ್ಟುವ ಹಾಗಿಲ್ಲ!"

ಗಂಟೆ ಹೊಡೆಯಿತು. ಸುಚಿತ್ರಾ ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿ, ನಾಳೆಯ ಮೂಟೆಗಳ ಲೆಕ್ಕಕ್ಕೆ ಕುಳಿತಳು.